ಬ್ರಾಂಡಿ ಒಲ್ಲೆನೆಂದ ರೋಗಿ

೧೯೦೮ರಲ್ಲಿ ನಾನು ಬೈಲಹೊಂಗಲದ ಸರ್ಕಾರಿ ದವಾಖಾನೆಯಲ್ಲಿ ಹಾಸ್ಪಿಟಲ್ ಅಸಿಸ್ಟಂಟ್ ಆಗಿದ್ದೆ. ವೈದ್ಯಕೀಯ ಶಾಲೆಯಲ್ಲಿ ಕಲಿತು, ದೊಡ್ಡ ಪದವಿಯಿಲ್ಲದೆಯೇ ಡಾಕ್ಟರರ ಕೆಲಸವನ್ನೆಲ್ಲ ಮಾಡುತ್ತಿದ್ದವರಿಗೆ ಆಗ ಈ ಹೆಸರಿತ್ತು. ಜನರ ಬಾಯಲ್ಲಿ ನಾವೂ ಡಾಕ್ಟರ ಸಾಹೇಬರೇ. ಮಳೆಗಾಲ ಮುಗಿದು ಜೋಳದ ಬಿತ್ತನೆಯಾಗುವ ಹೊತ್ತಿಗೆ ಪ್ಲೇಗು ಬರುತ್ತಿತ್ತು. ಆಗ ದವಾಖಾನೆಯನ್ನು ಕಂಪೌಂಡರನಿಗೆ ಒಪ್ಪಿಸಿ, ಕುದುರೆಯ ಮೇಲೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗಳಿಗೆ ಹೊರಡುವುದು ನನ್ನ ಪಾಲಿನ ಕೆಲಸವಾಗಿತ್ತು.

ಆ ವರ್ಷ ಸಂಪಗಾಂವದ ಹತ್ತಿರದ ಒಂದು ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದ ಸುದ್ದಿ ಬಂತು; ಪ್ಲೇಗಿನ ಮೊದಲ ಸುಳಿವು ಅದು. ನಾನು ಹೋಗುವಷ್ಟರಲ್ಲಿ ಊರು ಖಾಲಿಯಾಗಿತ್ತು. ಜನ ತಮ್ಮ ತಮ್ಮ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗಂಗವ್ವ ಎಂಬ ವಿಧವೆಯ ಹೊಲದ ಬದುವಿನಲ್ಲಿ ಗುಡಿಸಲುಗಳ ನಡುವೆ ಒಂದು ಬಿಳಿ ಡೇರೆ ಕಂಡಿತು. ಅದರ ಮುಂದೆ ಒಬ್ಬ ಕೆಂಪು ಕೂದಲಿನ ಹುಡುಗ ಅಂಗಿಯ ತೋಳು ಮಡಚಿಕೊಂಡು ನೀರು ಕುದಿಸುತ್ತಿದ್ದ.

ಅವನ ಹೆಸರು ಆರ್ಸನ್ ಪೆಲ್. ವಯಸ್ಸು ಇಪ್ಪತ್ತೊಂದು. ಅಮೆರಿಕೆಯ ಪಶ್ಚಿಮದಲ್ಲಿ ಉಪ್ಪಿನ ಸರೋವರದ ಕಡೆಯವನು, ಮಾರ್ಮನ್ ಪಂಥದವನು. ಆ ಪಂಥದಲ್ಲಿ ಹರೆಯದ ಹುಡುಗರನ್ನು ಎರಡು ಮೂರು ವರ್ಷ ಪರದೇಶಕ್ಕೆ ಧರ್ಮಪ್ರಚಾರಕ್ಕೆ ಕಳಿಸುತ್ತಾರೆ. ಸಂಬಳವಿಲ್ಲ, ಖರ್ಚು ಮನೆಯವರದು. ಅವರನ್ನು ‘ಎಲ್ಡರ್’ ಎಂದು ಕರೆಯುತ್ತಾರೆ, ಅಂದರೆ ಹಿರಿಯ. ಇದನ್ನು ಪೆಲ್ ಊರವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇ ತಡ, ಮೀಸೆ ಸರಿಯಾಗಿ ಮೂಡದ ಆ ಹುಡುಗ ಇಡೀ ಊರಿಗೆ ‘ಹಿರ್ಯಾ’ ಆಗಿಬಿಟ್ಟ. ಅವರು ಇಬ್ಬಿಬ್ಬರಾಗಿ ತಿರುಗಬೇಕೆಂಬುದು ನಿಯಮ. ಆದರೆ ಇವನ ಜೊತೆಗಾರ ಬೇಸಿಗೆಯಲ್ಲಿ ಜ್ವರ ಹಿಡಿದು ಮುಂಬಯಿಗೆ ಹಿಂದಿರುಗಿದ್ದ. ಇನ್ನೊಬ್ಬ ಬರುವವರೆಗೆ ಪೆಲ್ ಒಬ್ಬನೇ ಉಳಿದಿದ್ದ. ಕಿತ್ತೂರು, ಸವದತ್ತಿ, ಯರಗಟ್ಟಿಯ ಸಂತೆಗಳಲ್ಲಿ ನಿಂತು ಮಾತಾಡಿದ್ದ. ಜನ ಅವನ ಮಾತು ಕೇಳುತ್ತಿದ್ದರು, ಅವನ ಕನ್ನಡಕ್ಕೆ ನಗುತ್ತಿದ್ದರು, ಮನೆಗೆ ಹೋಗುತ್ತಿದ್ದರು. ಬಂದು ಒಂದೂವರೆ ವರ್ಷವಾದರೂ ಅವನ ಪಂಥಕ್ಕೆ ಒಬ್ಬನೂ ಸೇರಿರಲಿಲ್ಲ.

ಗಂಗವ್ವ ಅವನಿಗೆ ಜಾಗ ಕೊಟ್ಟಿದ್ದು ಧರ್ಮದ ಕಾರಣಕ್ಕಲ್ಲ. ಚಹಾ ಕೊಟ್ಟರೆ ಬೇಡವೆನ್ನುವ, ತಂಬಾಕು ಮುಟ್ಟದ, ಸಾರಾಯಿ ಕುಡಿಯದ ಬಿಳಿಯನನ್ನು ಅವಳು ಅದೇ ಮೊದಲು ಕಂಡಿದ್ದಳು. ಅವನ ಪಂಥದಲ್ಲಿ ಇವೆಲ್ಲ ನಿಷಿದ್ಧ. ತಿಂಗಳ ಮೊದಲ ಭಾನುವಾರ ಅವನು ಉಪವಾಸವಿದ್ದು, ಆ ದಿನದ ಊಟದ ಕಾಳನ್ನು ಬಡವರಿಗೆ ಕೊಡುತ್ತಿದ್ದ. “ನಮ್ಮ ಸೋಮವಾರ ಅವನ ಐತವಾರ, ಅಷ್ಟ ನೋಡ್ರಿ” ಎಂದಳು ನನಗೆ. ಹಾಗೆಂದು ಮಡಿ ಮೈಲಿಗೆ ಬಿಟ್ಟಿರಲಿಲ್ಲ. ಅವನ ತಾಟು, ತಂಬಿಗೆ ಬೇರೆಯೇ ಇದ್ದವು. ರೊಟ್ಟಿಯನ್ನು ಮೇಲಿನಿಂದಲೇ ಹಾಕುತ್ತಿದ್ದಳು. ಆದರೆ ಬಿಸಿಯಾಗಿಯೇ ಹಾಕುತ್ತಿದ್ದಳು.

ನನ್ನ ಮುಖ್ಯ ಕೆಲಸ ಇನಾಕ್ಯುಲೇಶನ್, ಅಂದರೆ ಪ್ಲೇಗಿನ ಚುಚ್ಚುಮದ್ದು. ಜನ ಸೂಜಿಗೆ ಹೆದರಿ ಹಳ್ಳದ ಪೊದೆಗಳಲ್ಲಿ ಅಡಗುತ್ತಿದ್ದರು. ಪೆಲ್ ಎಲ್ಲರೆದುರು ತೋಳು ಚಾಚಿ ಮೊದಲು ಚುಚ್ಚಿಸಿಕೊಂಡ. ಅವನ ಹಿಂದೆ ಗಂಗವ್ವ ಬಂದಳು. ಅವಳ ಕಿರಿಯ ಮಗ ಬಸಲಿಂಗಪ್ಪ ಮಾತ್ರ ಬರಲಿಲ್ಲ. ಅವನಿಗೆ ಆಗಲೇ ಮೈ ಬಿಸಿಯಾಗಿತ್ತು.

ಬಸಲಿಂಗಪ್ಪನೂ ಪೆಲ್‌ನ ವಯಸ್ಸಿನವನೇ. ಪೆಲ್‌ಗೆ ಕನ್ನಡದ ಬೈಗುಳಗಳನ್ನೂ ಎತ್ತು ಹೂಡುವುದನ್ನೂ ಕಲಿಸಿದ ಗೆಳೆಯ. ಮಾರನೆಯ ದಿನ ತೊಡೆಯ ಸಂದಿಯಲ್ಲಿ ಬ್ಯುಬೋ, ಎಂದರೆ ಪ್ಲೇಗಿನ ಗಡ್ಡೆ, ಎದ್ದಿತು. ನನ್ನ ಔಷಧಗಳೆಲ್ಲ ಮುಗಿದ ಮೇಲೆ ಗಂಗವ್ವ ಪೆಲ್‌ನ ಕಡೆ ತಿರುಗಿದಳು.

“ನಿಮ್ಮ ದೇವರಿಗೂ ಒಂದ ಮಾತ ಹೇಳಪಾ.”

ರೋಗಿಯ ತಲೆಗೆ ಆಲಿವ್ ಎಣ್ಣೆ ಹಚ್ಚಿ, ಎರಡೂ ಕೈಯಿಟ್ಟು ಪ್ರಾರ್ಥಿಸುವುದು ಅವರ ಪದ್ಧತಿ. ಪೆಲ್ ತನ್ನ ಭಾಷೆಯಲ್ಲಿ ಬಹಳ ಹೊತ್ತು ಪ್ರಾರ್ಥಿಸಿದ. ಮರುದಿನ ಬೆಳಗ್ಗೆ ಬಸಲಿಂಗಪ್ಪ ತೀರಿಕೊಂಡ.

ಪೆಲ್ ಆ ದಿನ ಗುಂಡಿ ತೋಡುವವರೊಡನೆ ಸನಿಕೆ ಹಿಡಿದ. ಆಮೇಲೆ ಪ್ರತಿ ಗುಡಿಸಲಿಗೂ ನೀರು ಹೊತ್ತ, ಬೇರೆಯವರು ಹತ್ತಿರ ಸುಳಿಯದ ರೋಗಿಗಳ ಬಟ್ಟೆ ಕುದಿಸಿದ. ನಾನು ಬೇಡವೆಂದರೂ ಕೇಳಲಿಲ್ಲ. ಆ ವಾರ ಮುಗಿಯುವ ಮೊದಲೇ ಅವನೂ ಮಲಗಿದ.

ಕಂಕುಳಲ್ಲಿ ಗಡ್ಡೆ, ಸುಡುವ ಜ್ವರ, ಓಡುವ ನಾಡಿ. ಡೇರೆಯಲ್ಲಿ ಬಿಸಿಲು ತಡೆಯದೆಂದು ಗಂಗವ್ವ ತನ್ನ ಒಂದು ಗುಡಿಸಲನ್ನೇ ಬಿಟ್ಟುಕೊಟ್ಟಳು. ಪ್ಲೇಗಿನಲ್ಲಿ ರೋಗಿಯನ್ನು ಕೊಲ್ಲುವುದು ಹೃದಯದ ನಿಶ್ಶಕ್ತಿ ಎಂದು ನಾವು ಕಲಿತಿದ್ದೆವು. ಹೃದಯವನ್ನು ಹುರಿದುಂಬಿಸಲು ಸ್ಟಿಮ್ಯುಲಂಟ್ ಕೊಡಬೇಕು, ಅವುಗಳಲ್ಲಿ ಮೊದಲನೆಯದು ಬ್ರಾಂಡಿ. ಅಂದಿನ ಪುಸ್ತಕಗಳೆಲ್ಲ ಹಾಗೆಯೇ ಹೇಳುತ್ತಿದ್ದವು, ನಾನೂ ಪೂರ್ತಿ ನಂಬಿದ್ದೆ. ಗ್ಲಾಸಿನಲ್ಲಿ ಅಳೆದು ಅವನ ಮುಂದೆ ಹಿಡಿದೆ.

ಅವನು ವಾಸನೆ ಹಿಡಿದು ಮುಖ ತಿರುಗಿಸಿದ. “ಇದು ನನಗ ಬ್ಯಾಡ್ರಿ.”

“ಇದು ಔಷಧ. ನಿಮ್ಮ ದೇವರು ಔಷಧಕ್ಕೂ ಬ್ಯಾಡ ಅಂತಾನೇನು?”

“ಅನ್ನಲಿಕ್ಕಿಲ್ರಿ. ನಮ್ಮಲ್ಲಿ ಕೆಲವ್ರು ತಗೋತಾರ. ಆದ್ರ ನಾ ಹಡಗ ಹತ್ತೂ ಮುಂದ ನಮ್ಮಪ್ಪಗ ಮಾತ ಕೊಟ್ಟೇನಿ, ಯಾವ ಕಾರಣಕ್ಕೂ ಮುಟ್ಟೂದಿಲ್ಲಂತ. ನಮ್ಮಣ್ಣ ಇದರಿಂದನ ಸತ್ತ. ಅವನಿಗೂ ಮೊದಲ ಔಷಧ ಅಂತನ ಕೊಟ್ಟಿದ್ರು.”

ನಾನು ಸಿಟ್ಟಿನಿಂದ ಅಂದೆ, “ನೀವು ಸತ್ತರ ನಿಮ್ಮಪ್ಪಗ ಆ ಮಾತು ತಗೊಂಡು ಏನಾಗಬೇಕು?”

ಅವನು ಕಣ್ಣು ಮುಚ್ಚಿದ. “ಬ್ಯಾರೆ ಏನ ಕೊಟ್ರೂ ಕುಡೀತೇನ್ರಿ. ಇದಷ್ಟ ಬ್ಯಾಡ.”

ಅಂದು ಸಂಜೆಯ ಹೊತ್ತಿಗೆ ಅವನಿಗೆ ಪ್ರಜ್ಞೆ ತಪ್ಪಿತು. ಏನೇನೋ ಬಡಬಡಿಸತೊಡಗಿದ. ನಾಡಿ ದಾರದಂತಾಗಿತ್ತು. ಈಗ ಅವನನ್ನು ಕೇಳುವ ಪ್ರಶ್ನೆಯಿರಲಿಲ್ಲ. ಗಂಜಿಯಲ್ಲಿ ಬ್ರಾಂಡಿ ಬೆರೆಸಿ ಬಾಯಿಗೆ ಬಿಟ್ಟರಾಯಿತು. ರೋಗಿಯ ಜೀವ ಉಳಿಸುವುದೇ ನನ್ನ ಧರ್ಮ ಎಂದುಕೊಂಡು ಬಾಟಲಿ ತೆಗೆದೆ. ಬಾಗಿಲಲ್ಲಿದ್ದ ಗಂಗವ್ವನಿಗೆ, ಸ್ವಲ್ಪ ತಲೆ ಎತ್ತಿ ಹಿಡಿ ಎಂದೆ. ಅವಳು ಒಳಗೆ ಬಂದಳು, ಆದರೆ ತಲೆ ಎತ್ತಲಿಲ್ಲ.

“ಅದ ಏನ್ರಿ, ಮುಂಜಾನೆ ಅವ ಬ್ಯಾಡ ಅಂದದ್ದ?”

“ಹೌದವ್ವ. ಈಗ ಅವನಿಗೆ ಗೊತ್ತಾಗೂದಿಲ್ಲ.”

“ಕುಡಿಸಿದ್ರ ಉಳೀತಾನೇನ್ರಿ?”

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಆರು ದಿನಗಳ ಹಿಂದೆ ಮಗನನ್ನು ಮಣ್ಣು ಮಾಡಿದ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸಲಿಂಗಪ್ಪನಿಗೂ ನಾನು ಅದೇ ಬಾಟಲಿಯಿಂದ ಕೊಟ್ಟಿದ್ದೆ.

“ಖಾತ್ರಿ ಹೇಳಾಕ ಬರೂದಿಲ್ಲವ್ವ.”

“ಹಂಗಾರ ಬಿಡ್ರಿ ಸಾಹೇಬ್ರ. ಉಳದ್ರ ನಾಳೆ ಎದ್ದ ಅವನ ಮಾರೀ ನಾವು ಹೆಂಗ ನೋಡೂದು? ಹೋದ್ರ, ಅವನ ಮಾತಾದ್ರೂ ಅವನ ಜೋಡಿ ಹೋಗಲಿ. ನನ್ನ ಮಗನ ಹಂಗನ ಅವನೂ ಒಂದ ಕೂಸು. ಎಚ್ಚರಿದ್ದಾಗ ಬ್ಯಾಡ ಅಂದದ್ದನ್ನ ಎಚ್ಚರಿಲ್ಲದಾಗ ತುರುಕಬ್ಯಾಡ್ರಿ.”

ನಾನು ಬಾಟಲಿಗೆ ಬಿರಡೆ ಹಾಕಿದೆ. ಪೆಟ್ಟಿಗೆಯಲ್ಲಿ ಅಮೋನಿಯಾ ಇತ್ತು, ಕರ್ಪೂರದ ಇಂಜೆಕ್ಷನ್ ಇತ್ತು. ಬ್ರಾಂಡಿಗಿಂತ ದುರ್ಬಲವೆಂದು ನಾನು ತಿಳಿದಿದ್ದ ಆ ಔಷಧಗಳನ್ನೇ ನಂಬಿ ಕೂತೆ. ಗಂಗವ್ವ ಹಣೆಗೆ ತಣ್ಣೀರಿನ ಬಟ್ಟೆ ಬದಲಿಸುತ್ತ, ಅವನಿಗೆ ಚಮಚದಿಂದ ಗಂಜಿ ಹಾಕುತ್ತ ಅಲ್ಲಿಂದ ಏಳಲಿಲ್ಲ. ಮೇಲಿನಿಂದ ರೊಟ್ಟಿ ಹಾಕುತ್ತಿದ್ದ ಕೈ ಈಗ ಅವನ ಬಾಯಿ ಒರೆಸುತ್ತಿತ್ತು.

ಜ್ವರ ಒಮ್ಮೆಗೇ ಇಳಿಯಲಿಲ್ಲ. ಗಡ್ಡೆ ಹಣ್ಣಾಗಿ ಒಡೆಯಿತು. ಒಡೆದ ಗಡ್ಡೆ ಒಳ್ಳೆಯ ಲಕ್ಷಣವೆಂದು ನಮಗೆ ಗೊತ್ತಿತ್ತು. ಪೆಲ್ ಕಣ್ಣು ಬಿಟ್ಟು ನನ್ನನ್ನು ಕೇಳಿದ ಮೊದಲ ಮಾತು, “ಕುಡಿಸಿದ್ರೇನ್ರಿ?” ಇಲ್ಲವೆಂದೆ. ಅವನು ಗಂಗವ್ವನ ಕಡೆ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಅವನಿಗೆ ನಂಬಿಕೆ ಬಂತು.

ಎದ್ದು ಕೂರುವಂತಾದಾಗ ಅವನನ್ನು ಬೇರೊಂದು ಚಿಂತೆ ಹಿಡಿಯಿತು. ಒಂದು ಮಧ್ಯಾಹ್ನ ಗಂಗವ್ವನಿಗೆ ಹೇಳಿದ, “ಅವ್ವಾ, ಬಸಲಿಂಗಪ್ಪಗ ನಾ ಎಣ್ಣಿ ಹಚ್ಚಿ ಬೇಡಿಕೊಂಡೆ. ಅವ ಹ್ವಾದ. ನನಗ ಯಾರೂ ಹಚ್ಚಲಿಲ್ಲ, ನಾ ಉಳದೆ. ನನಗ ತಿಳೀವಲ್ದು.”

“ಯಾರ ಹೇಳಿದ್ರು ಹಚ್ಚಲಿಲ್ಲಂತ? ದಿನಾ ಎರಡ ಹೊತ್ತು ನಿನ್ನ ಹಣಿಗೆ ಇಬತ್ತಿ ಹಚ್ಚೇನಿ.”

ಪೆಲ್ ಹಣೆ ಮುಟ್ಟಿ, ಬೆರಳಿಗೆ ಹತ್ತಿದ ವಿಭೂತಿ ನೋಡಿಕೊಂಡ. ನಕ್ಕ. ನಗುತ್ತಲೇ ಅಳತೊಡಗಿದ. ಗೆಳೆಯ ಸತ್ತಂದು ಅಳದವನು ಅಂದು ಚೆನ್ನಾಗಿ ಅತ್ತ. ಗಂಗವ್ವ ಅವನ ಪಕ್ಕದಲ್ಲಿ ಕೂತಿದ್ದಳು. ಅವಳೂ ಅಳುತ್ತಿದ್ದಳು.

ಊರು ಮತ್ತೆ ತುಂಬಿದಾಗ ಕೆಲವು ಮನೆತನದ ಹಿರಿಯರು ಅವನಲ್ಲಿಗೆ ಬಂದರು. ನಿನ್ನ ದೇವರಲ್ಲಿ ಸತ್ಯ ಐತಿ, ನಮ್ಮನ್ನೂ ಸೇರಿಸಿಕೋ ಎಂದರು. ಬಂದ ದಿನದಿಂದ ಅವನು ಕಾದಿದ್ದು ಇದೇ ಮಾತಿಗಾಗಿ. ಪೆಲ್‌ನ ಮುಖ ಒಂದು ಗಳಿಗೆ ಬೆಳಗಿದ್ದನ್ನು ಕಂಡೆ. ಆಮೇಲೆ ಅವನು ನಿಧಾನವಾಗಿ ಹೇಳಿದ:

“ನಾ ಉಳದೇನಂತ ಬರಬ್ಯಾಡ್ರಿ. ನಾ ಡಾಕ್ಟರ ಸೂಜಿ ಚುಚ್ಚಿಸಿಕೊಂಡಿದ್ದೆ, ಅವರ ಔಷಧಾ ತಗೊಂಡೆ, ಅವ್ವ ಗಂಜಿ ಹಾಕಿದ್ಲು. ದೇವರೂ ಇದ್ದ ಅಂತ ನಾ ನಂಬೇನಿ. ನಾಳೆ ನಿಮ್ಮ ಮನ್ಯಾಗ ನಾ ಬೇಡಿಕೊಂಡ ಮ್ಯಾಲೂ ಒಬ್ರು ಹ್ವಾದ್ರ, ಆಗ ಏನ ಮಾಡ್ತೀರಿ? ಅದಕ್ಕ ತಯಾರಿದ್ದವ್ರು ಬರ್ರಿ.”

ಯಾರೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕರೆ ಬಂದು ಅವನು ಒಬ್ಬನನ್ನೂ ಸೇರಿಸದೆ ತನ್ನ ದೇಶಕ್ಕೆ ಹೊರಟ. ಅವನ ಮೇಲಿನವರು ಅದನ್ನು ಸೋಲೆಂದು ಬರೆದುಕೊಂಡರೋ ಏನೋ, ತಿಳಿಯದು. ಗಂಗವ್ವ ಅವನ ಬುತ್ತಿಗೆ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಗಾಡಿ ತಿರುವು ದಾಟುವವರೆಗೆ ನಿಂತಿದ್ದಳು.

ಅವನು ಉಳಿದದ್ದು ಏತರಿಂದ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಚುಚ್ಚಿಸಿಕೊಂಡವರಿಗೆ ರೋಗ ಹಗುರಾಗುತ್ತಿತ್ತು, ಅದೇ ಇದ್ದೀತು. ಪ್ಲೇಗಿಗೆ ಬ್ರಾಂಡಿ ಕೊಡುವುದನ್ನು ಮುಂದೆ ವೈದ್ಯರೇ ಕೈಬಿಟ್ಟರು. ಆದರೆ ನಾನು ಕಲಿತ ಪಾಠ ಬ್ರಾಂಡಿಯದಲ್ಲ. ಅಲ್ಲಿಯವರೆಗೆ ರೋಗಿ ನನ್ನ ಪಾಲಿಗೆ ನಾಡಿ, ನಾಲಿಗೆ, ಜ್ವರ, ಇಷ್ಟೇ ಆಗಿದ್ದ. ಆಮೇಲೆ ರಾಮದುರ್ಗಕ್ಕೆ ವರ್ಗವಾದಾಗಲೂ, ನಿವೃತ್ತಿಯಾಗುವವರೆಗೂ, ಹೊಸ ರೋಗಿಯ ನಾಡಿ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: “ನಿಮಗ ಏನೇನ ನಡಿಯೂದಿಲ್ಲ, ಮೊದಲ ಹೇಳ್ರಿ.” ಉತ್ತರ ಕೇಳಿ ಎಷ್ಟೋ ಸಲ ಔಷಧ ಬದಲಿಸಿದ್ದೇನೆ. ಹಾಗೆ ಕೇಳಿದ ಮೇಲೆ ರೋಗಿ ನನ್ನ ಕೈಗೆ ತನ್ನ ಕೈಯನ್ನು ತಾನಾಗಿಯೇ ಕೊಡುತ್ತಿದ್ದ.