ಪ್ಲಾಸ್ಟಿಕ್ ಹುಲ್ಲು ಒಲ್ಲದ ನಾಯಿ

ನನ್ನ ಮೊಮ್ಮಗಳಿಗೆ ಕಣ್ಣು ಕಾಣುವುದಿಲ್ಲ, ನಾಯಿಯ ಪಟ್ಟಿ ಹಿಡಿದೇ ನಡೆಯುತ್ತಾಳೆ. ಕುವೈತಿನ ಮಂಗಫಿನಲ್ಲಿ ನಮ್ಮ ಕಟ್ಟಡದ ಹಿಂದೆ ಬರೀ ಮರಳಿನ ಖಾಲಿ ಜಾಗವಿತ್ತು. ಬೆಳಿಗ್ಗೆ ನಾಯಿಯನ್ನು ಉಚ್ಚೆಗೆ ಅಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ.

ಒಂದು ರಜೆಯಲ್ಲಿ ಮಗಳು ನಮ್ಮನ್ನು ದುಬೈಗೆ ಕರೆದೊಯ್ದು ದೊಡ್ಡ ಹಡಗು ಹತ್ತಿಸಿದಳು. ನಾಯಿಗೆಂದು ಡೆಕ್ಕಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ ಪೆಟ್ಟಿಗೆ ಇಟ್ಟಿದ್ದರು. ನಾಯಿ ಮೂಸಿತು, ಸುತ್ತು ಬಂತು, ಉಚ್ಚೆ ಮಾತ್ರ ಹೊಯ್ಯಲಿಲ್ಲ. ಮರುದಿನ ಮಧ್ಯಾಹ್ನವಾದರೂ ಇಲ್ಲ. ಹೀಗೇ ಆದರೆ ಮುಂದಿನ ಬಂದರಿನಲ್ಲಿ ಇಳಿದು ಕುವೈತಿಗೆ ವಾಪಸ್ ಹೋಗುವುದೇ ಎಂದಳು ಮಗಳು. ಮೊಮ್ಮಗಳು ಊಟ ಮುಟ್ಟಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡೆಕ್ಕಿನ ಆ ತುದಿಗೂ ಈ ತುದಿಗೂ ನಡೆದೇ ನಡೆದೆ.

"ಮಮ್ಮಿ, ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮನ್ನು ನೋಡಿಯೇ ಅದಕ್ಕೆ ಟೆನ್ಶನ್!" ಎಂದಳು ಮಗಳು.

"ಟೆನ್ಶನ್ ಎಂತದ್ದು? ನಿನಗೆ ಚಾಪೆ ಮೇಲೆ ಹೊಯ್ಯಿ ಅಂದ್ರೆ ಹೊಯ್ತೀಯಾ?"

ಸಿಗರೇಟು ಸೇದುವ ಜಾಗದ ಬೂದಿಕುಂಡಕ್ಕೆ ಆಗಷ್ಟೇ ಹೊಸ ಮರಳು ತುಂಬಿದ್ದರು. ಎರಡೂ ಕೈಯಲ್ಲಿ ತೋಡಿ ಸೆರಗಿಗೆ ಹಾಕಿಕೊಂಡೆ. ಕೆಲಸದವನೊಬ್ಬ "ಮ್ಯಾಡಂ, ಮ್ಯಾಡಂ" ಎನ್ನುತ್ತ ಹಿಂದೆಯೇ ಓಡಿಬಂದ. "ಖಲಾಸ್, ಭಾಯಿ" ಎಂದು ಎಲ್ಲವನ್ನೂ ಹುಲ್ಲಿನ ಮೇಲೆ ಸುರಿದೆ.

ನಾಯಿ ಮೂಸಿತು. ಕೂತಿತು.

"ಗ್ರ್ಯಾನಿ, ಈಸ್ ಶೀ ಡನ್?" ಎಂದಳು ಮೊಮ್ಮಗಳು.

"ಸ್ವಲ್ಪ ತಡಿ. ಇನ್ನೂ ಹೊಯ್ತಾ ಉಂಟು."

ಬೆಳಗಿನಿಂದ ನಾನೂ ಹೋಗಿಲ್ಲವೆಂದು ಆಗ ನೆನಪಾಯಿತು. ಪಟ್ಟಿಯನ್ನು ಅವಳ ಕೈಗೆ ಕೊಟ್ಟು ಓಡಿದೆ.