ಒಂದೂವರೆ ನಿಮಿಷ, ನಾಲ್ಕು ಸಲ

ನನ್ನ ತಮ್ಮ ಕೆರೆ ಏರಿಯ ಮೇಲೆ ಓಡಿ ಬಂದು, ಮೊಣಕಾಲಿಗೆ ಕೈ ಊರಿ, "ಎಷ್ಟಾತಕ್ಕಾ?" ಎಂದು ಕೇಳಿದ ದಿನ, ಫೋನಿನಲ್ಲಿ ಕಂಡದ್ದನ್ನು ನಾನು ಅವನಿಗೆ ಹೇಳಲಿಲ್ಲ. ಆರು ನಿಮಿಷ ಐವತ್ತೆರಡು ಸೆಕೆಂಡು. ಹೇಳಬೇಕಾಗಿದ್ದದ್ದು ಇಷ್ಟೇ. ಬೇರೆ ಏನೋ ಹೇಳಿದೆ. ಆಮೇಲೆ ಎರಡು ವರ್ಷ ಅದನ್ನು ಸರಿಪಡಿಸಲೂ ಇಲ್ಲ.

ನಮ್ಮದು ಧರ್ಮಪುರದಿಂದ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಟ್ಟಿ. ಕುರಿ ಇವೆ, ಸ್ವಲ್ಪ ಶೇಂಗಾ ಹೊಲ ಇದೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವಳು. ನನ್ನನ್ನು ಕೊಟ್ಟಿದ್ದೂ ಅದೇ ಹಟ್ಟಿಗೆ, ಹಾಗಾಗಿ ಮದುವೆಯಾದ ಮೇಲೂ ತವರಿನ ಕುರಿ ನನ್ನ ಕೈ ಬಿಡಲಿಲ್ಲ. ತಮ್ಮ ಹಿರಿಯೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಡಿಗ್ರಿ ಮುಗಿಸಿದ. ಅವನಿಗೆ ಕಾನ್‌ಸ್ಟೇಬಲ್ ಆಗಬೇಕಿತ್ತು. ಬರೆಯುವ ಪರೀಕ್ಷೆಯಲ್ಲಿ ಎರಡು ಸಲ ಸೋತ. ಎರಡನೇ ಸಲ ಸೋತಾಗ ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅವ್ವ ತಟ್ಟೆ ಇಟ್ಟು ಬರುವಳು, ತಟ್ಟೆ ಹಾಗೇ ಇರುತ್ತಿತ್ತು. ಮನೆಯಲ್ಲಿದ್ದ ಹಗ್ಗಗಳನ್ನೆಲ್ಲ ನಾನು ಸುತ್ತಿ ನಮ್ಮ ಮನೆಗೆ ತಂದಿಟ್ಟುಕೊಂಡಿದ್ದೆ. ಏಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೂರನೇ ಸಲ ಪಾಸಾದ. ಉಳಿದದ್ದು ಓಟ. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ.

ಗಾರೆ ಕೆಲಸದವರ ಟೇಪು ತಂದು ಕೆರೆ ಏರಿಯನ್ನು ಅಳೆದ. ತೂಬಿನಿಂದ ಬನ್ನಿ ಮರದ ತನಕ ಸರಿಯಾಗಿ ನಾನೂರು ಮೀಟರ್. ಎರಡೂ ಕಡೆ ಸುಣ್ಣದ ಗೆರೆ ಎಳೆದ. ಕೆರೆ ಒಣಗಿತ್ತು, ಕುರಿಗಳನ್ನು ಕೆರೆಯಂಗಳಕ್ಕೆ ಬಿಟ್ಟು ನಾನು ಬನ್ನಿ ಮರದ ಹತ್ತಿರ ಅವನ ಫೋನು ಹಿಡಿದು ಕೂರುತ್ತಿದ್ದೆ. ತೂಬಿನ ಹತ್ತಿರ ಅವನು ಕೈ ಎತ್ತಿ ಇಳಿಸಿದರೆ ಒತ್ತಬೇಕು, ನನ್ನ ಮುಂದಿನ ಗೆರೆ ದಾಟಿದರೆ ಮತ್ತೆ ಒತ್ತಬೇಕು.

ಮೊದಲ ದಿನ ತೊಂಬತ್ತು ಸೆಕೆಂಡು ಬಂತು.

"ಪೂರ್ತಿ ಓಡ್ತೀನಿ, ನಾಲ್ಕೂ ಸಲ ನೋಡಕ್ಕಾ" ಎಂದ.

"ಅಷ್ಟೊತ್ತಿಗೆ ಕುರಿ ಶೇಂಗಾ ಹೊಲದಾಗಿರ್ತವೆ. ಹೊಲದೋನು ಬಂದು ನಿನ್ನ ಹಿಡ್ಕೊಂಡು ಹೋಗ್ತಾನೆ. ಪೊಲೀಸ್ ಆಗಾಕೆ ಮುಂಚೇನೇ ಸ್ಟೇಷನ್ ನೋಡ್ತೀಯ ನೋಡು."

"ಮತ್ತೆ ಟೈಮ್ ಹೆಂಗೆ ಗೊತ್ತಾಗಬೇಕು?"

"ಲೇ, ಒಂದು ಸಲಕ್ಕೆ ಒಂದೂವರೆ ನಿಮಿಷ. ಒಂದೂವರೆ ನಾಲ್ಕಲೆ ಆರು. ಅರ್ಧ ನಿಮಿಷ ಮಿಕ್ಕೇ ಐತೆ."

ಅವನು ನಕ್ಕ. "ಡಿಗ್ರಿ ಮಾಡಿದ್ದು ನಾನೋ ನೀನೋ?" ಎಂದ.

ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಈಗ ನಾಚಿಕೆಯಿಂದ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನಾನು ಮಗ್ಗಿಯಲ್ಲಿ ಮುಂದಿದ್ದೆ. ಅದಾದ ಮೇಲೆ ಯಾರೂ ನನ್ನನ್ನು ಲೆಕ್ಕ ಕೇಳಿರಲಿಲ್ಲ. ದಿನಾ ಅವನು ಒಂದು ಸಲ ಓಡುವನು, ನಾನು ನಾಲ್ಕರಿಂದ ಗುಣಿಸುವೆ. ಕಳೆ ತೆಗೆಯಲು ಬಂದ ಹೆಂಗಸರ ಮುಂದೆ, ಅಂಗಡಿಯ ಮುಂದೆ, ಆರು ನಿಮಿಷ, ಆರು ನಿಮಿಷ ಎಂದು ಹೇಳಿಕೊಂಡು ಬಂದೆ. "ಏನಮ್ಮಾ ಲೆಕ್ಕದ ಮೇಡಮ್ಮು, ನಿನ್ ತಮ್ಮ ಪೊಲೀಸ್ ಆದ್ರೆ ನಮ್ಮ ಮನೆಯೋನ ಇಸ್ಪೀಟು ಬಿಡಿಸ್ತಾನೇನು?" ಎಂದು ಒಬ್ಬಳು ಕೇಳಿದರೆ, "ಮೊದಲು ಅವನ್ನೇ ಒಳಗಾಕ್ಸಾಣ ಬಿಡು" ಎನ್ನುತ್ತಿದ್ದೆ.

ಆದರೆ ಆ ಲೆಕ್ಕ ತಪ್ಪೆಂದು ನನಗೆ ತಿಳಿದಿರಬೇಕಿತ್ತು. ಹನ್ನೆರಡು ವರ್ಷದವಳಿದ್ದಾಗ ಇದೇ ತಪ್ಪನ್ನು ಒಮ್ಮೆ ಮಾಡಿದ್ದೆ. ಅಪ್ಪ ಸುಗ್ಗಿಯಾದ ಮೇಲೆ ಹೊಳಲ್ಕೆರೆ ಕಡೆ, ತಾಳ್ಯದ ಹೊಲಗಳಿಗೆ ಗೊಬ್ಬರಕ್ಕಾಗಿ ಕುರಿ ಮಂದೆ ನಿಲ್ಲಿಸಲು ಹೋಗುತ್ತಿದ್ದ. ಆ ವರ್ಷ ನಾನೂ ಹೋಗಿದ್ದೆ. ಒಂದು ದಿನ ನಾಲ್ಕು ಮೈಲಿ ನಡೆಯುವುದಿತ್ತು. ಮೊದಲ ಮೈಲಿಯನ್ನು ಕುರಿ ಅರ್ಧ ಗಂಟೆಯಲ್ಲಿ ನಡೆದವು. ನಾಲ್ಕಕ್ಕೆ ಎರಡು ಗಂಟೆ ಎಂದು ಲೆಕ್ಕ ಹಾಕಿ, ಪಾತ್ರೆ ಹೊತ್ತ ಕತ್ತೆಯ ಜೊತೆ ಮುಂದೆ ಹೋಗಿ, ಆ ಹೊತ್ತಿಗೆ ಸರಿಯಾಗಿ ಮುದ್ದೆ ಮಾಡಿಟ್ಟೆ. ಕುರಿ ಬಂದದ್ದು ಮುದ್ದೆ ಕಲ್ಲಾದ ಮೇಲೆ. ಅಪ್ಪನ ಹೆಗಲ ಮೇಲೆ ಎರಡು ಮರಿ ಇದ್ದವು, ಒಂದು ಕುರಿ ದಾರಿಯಲ್ಲೇ ಕುಸಿದು ಸತ್ತಿತ್ತು. ಮುಂದೆ ಹೋದವಳು ಕಾಯುತ್ತಿದ್ದಾಳೆಂದು ಅಪ್ಪನ ಜೊತೆಗಿದ್ದ ಆಳು ಅವುಗಳನ್ನು ಬಡಿದು ಓಡಿಸಿದ್ದನಂತೆ. ಅಪ್ಪ ಬೈಯಲಿಲ್ಲ. "ಹೊರಟಾಗಿನ ನಡಿಗೆ ನಂಬಿ ಎಸರು ಇಡಬ್ಯಾಡ ಮಗಾ. ಜೀವ ಇರೋದು ಕೊನೆ ಮೈಲಿಗೆ ಬೇರೇನೇ ಕಾಲು ಹಾಕತೈತೆ" ಎಂದ.

ಕುರಿಯ ವಿಷಯದಲ್ಲಿ ಆ ಮಾತನ್ನು ನಾನು ಯಾವತ್ತೂ ಮರೆತಿಲ್ಲ. ತಮ್ಮನ ವಿಷಯದಲ್ಲಿ ಮಾತ್ರ, ಶಾಲೆಯಲ್ಲಿ ಕಲಿತದ್ದು ದೊಡ್ಡದು, ಕುರಿ ಹಿಂದೆ ಕಲಿತದ್ದು ಸಣ್ಣದು ಎಂದುಕೊಂಡೆ.

ಓಟಕ್ಕೆ ಹದಿನೆಂಟು ದಿನ ಇರುವಾಗ ಕುರಿಗಳನ್ನು ಅಪ್ಪನೇ ಹೊಡೆದುಕೊಂಡು ಹೋದ. ನನಗೆ ನೆಪ ಇರಲಿಲ್ಲ. ತಮ್ಮ ನಾಲ್ಕೂ ಸಲ ಓಡಿದ. ಬನ್ನಿ ಮರದಿಂದ ಹೊರಟು ತೂಬು, ಮತ್ತೆ ಮರ, ಮತ್ತೆ ತೂಬು, ಮತ್ತೆ ಮರ. ಮೊದಲ ಸಲ ತೂಬು ಮುಟ್ಟಿದಾಗ ಎಂದಿನಂತೆ ತೊಂಬತ್ತು. ವಾಪಸ್ಸು ನನ್ನ ಹತ್ತಿರ ಬಂದಾಗ ಮೂರು ನಿಮಿಷ ದಾಟಿ ಹತ್ತು ಸೆಕೆಂಡಾಗಿತ್ತು. ಮೂರನೇ ಸಲ ಅವನ ತಲೆ ಒಂದು ಕಡೆ ವಾಲಿತು. ನಾಲ್ಕನೇ ಸಲ ಅವನು ಓಡಿ ಬರುವಂತೆ ಕಾಣಲಿಲ್ಲ, ಯಾರೋ ಹಿಂದಿನಿಂದ ತಳ್ಳಿದಂತೆ ಬಂದ. ಗೆರೆ ದಾಟಿ ಬಗ್ಗಿ ವಾಂತಿ ಮಾಡಿಕೊಂಡ. ಆಮೇಲೆ ಆ ಪ್ರಶ್ನೆ ಕೇಳಿದ.

ಆ ಮುಖ ನೋಡಿದೆ. ಗೋಡೆಗೆ ತಿರುಗಿಸಿದ್ದ ಮುಖ ನೆನಪಾಯಿತು, ನಾನು ಸುತ್ತಿಟ್ಟ ಹಗ್ಗಗಳು ನೆನಪಾದವು. ಊರೆಲ್ಲ ಹೇಳಿಕೊಂಡು ಬಂದ ಆರು ನಿಮಿಷವೂ ನೆನಪಾಯಿತು. ಯಾವುದು ಹೆಚ್ಚಾಗಿತ್ತು, ಅವನಿಗೆ ಏನಾದೀತೋ ಎಂಬ ಭಯವೋ ನನ್ನ ಲೆಕ್ಕ ತಪ್ಪಿದ ನಾಚಿಕೆಯೋ, ಇವತ್ತಿಗೂ ಗೊತ್ತಿಲ್ಲ.

"ಆರು ಹತ್ತು" ಎಂದೆ.

"ಹೌದಾ? ಎಲ್ಲಿ ತೋರ್ಸು."

ಅಷ್ಟರಲ್ಲಿ ನನ್ನ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಸೊನ್ನೆ, ಸೊನ್ನೆ, ಸೊನ್ನೆ. "ಕೈ ತಾಕಿ ಅಳಿಸಿ ಹೋತು ಕಣೋ" ಎಂದೆ. ಅವನು ಏರಿಯ ಮಣ್ಣಿನ ಮೇಲೆ ಅಂಗಾತ ಬಿದ್ದುಕೊಂಡು ಆಕಾಶ ನೋಡಿ ನಕ್ಕ.

ಅವತ್ತಿನಿಂದ ಅವನು ಪೂರ್ತಿ ಓಡುವುದನ್ನೇ ಬಿಟ್ಟ. ಇಪ್ಪತ್ತು ಸೆಕೆಂಡು ಕೈಯಲ್ಲಿದೆ, ಕಾಲು ನೋಯಿಸಿಕೊಳ್ಳುವುದು ಯಾಕೆ ಎಂದ. ಅವನು ಹಗುರಾದ, ನನಗೆ ತುತ್ತೂ ಭಾರವಾಯಿತು. ರೊಟ್ಟಿ ತಟ್ಟುವಾಗ, ಕುರಿ ಎಣಿಸುವಾಗ, ಐವತ್ತೆರಡು ಎಂಬ ಸಂಖ್ಯೆ ನೆನಪಿಗೆ ಬಂದರೆ ಸಾಕು, ಕೈ ನಿಲ್ಲುತ್ತಿತ್ತು. ಹದಿನೆಂಟು ದಿನ ದೊಡ್ಡ ಕಾಲವೇ. ಮೊದಲ ಸುತ್ತು ನಿಧಾನ ಹೋಗು, ದಿನಾ ಪೂರ್ತಿ ಓಡು, ಮೈ ಕಲಿಯುತ್ತದೆ ಎಂದಿದ್ದರೆ ಇಪ್ಪತ್ತೆರಡು ಸೆಕೆಂಡು ಇಳಿಯುತ್ತಿತ್ತೇನೋ. ಹೇಳಲಿಲ್ಲ.

ಚಿತ್ರದುರ್ಗದ ಮೈದಾನಕ್ಕೆ ನಾನೂ ಅವನ ಜೊತೆ ಹೋದೆ. ಹಿರಿಯೂರಿನಲ್ಲಿ ಬಸ್ ಬದಲಿಸುವಾಗ ಹೇಳಿಬಿಡೋಣ ಎಂದುಕೊಂಡೆ. ಅವನು ಬಾಳೆಹಣ್ಣು ತಿನ್ನುತ್ತಾ, "ನನ್ನ ಪೋಸ್ಟಿಂಗ್ ಧರ್ಮಪುರಕ್ಕೇ ಹಾಕ್ಸಾಣ ಅಕ್ಕಾ, ಕುರಿ ಹೊಲಕ್ಕೆ ನುಗ್ಗಿದ್ರೆ ನಾನೇ ಬಂದು ಪಂಚಾಯ್ತಿ ಮಾಡ್ತೀನಿ" ಎಂದ. ಹೇಳದೆಯೇ ಚಿತ್ರದುರ್ಗದ ಬಸ್ ಹತ್ತಿದೆ.

ಬೇಲಿಯ ಹೊರಗೆ ನಮ್ಮಂಥವರು ಬಹಳ ಜನ ನಿಂತಿದ್ದರು. ಪಕ್ಕದಲ್ಲಿ ಹೊಸದುರ್ಗದ ಕಡೆಯ ಒಬ್ಬ ಯಜಮಾನರು, ಅವರ ಮಗನೂ ಅದೇ ಗುಂಪಿನಲ್ಲಿದ್ದ.

"ನಿಮ್ಮೋನು ಯಾವನಮ್ಮ?"

"ಎಲ್ಲಾರ್ಗಿಂತ ಮುಂದಿದಾನಲ್ರಿ, ಅವನೇ."

"ಭಾರಿ ಬಿಡ್ತಾನೆ ಬಿಡಿ! ನಮ್ಮೋನು ನೋಡ್ರಿ, ಸಂತೆಗೆ ಹೋಗೋ ಎತ್ತಿನಂಗೆ ಬರ್ತಾನೆ."

ತಮ್ಮ ಒಂದೂವರೆ ನಿಮಿಷದ ಕಾಲು ಹಾಕುತ್ತಿದ್ದ. ನಾನು ಕೊಟ್ಟ ಕಾಲು. ಆರು ಹತ್ತು ಓಡಬಲ್ಲೆನೆಂದು ನಂಬಿದವನು ಹಾಗೆಯೇ ಓಡುತ್ತಾನೆ. ಎರಡನೇ ಸುತ್ತಿಗೆ ತಲೆ ವಾಲಿತು. "ನಿಧಾನ, ನಿಧಾನ ಕಣೋ" ಎಂದು ಬೇಲಿ ಹಿಡಿದು ಕೂಗಿದೆ. ಅವನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅರ್ಥ ಆಗುತ್ತಿರಲಿಲ್ಲ. ಮೂರನೇ ಸುತ್ತಿನಲ್ಲಿ ಹೊಸದುರ್ಗದ ಎತ್ತು ಅವನನ್ನು ದಾಟಿ ಹೋಯಿತು. ನಾಲ್ಕನೆಯದರ ಅರ್ಧದಲ್ಲಿ ಅವನ ಕಾಲು ಒಂದಕ್ಕೊಂದು ತೊಡರಿ ಮುಖ ಕೆಳಗಾಗಿ ಬಿದ್ದ. ಮತ್ತೆ ಏಳಲಿಲ್ಲ.

ಸ್ಟ್ರೆಚರ್ ನನ್ನ ಮುಂದೆಯೇ ಹೋಯಿತು. ಅವನ ಒಂದು ಕೈ ಹೊರಗೆ ಜೋತಾಡುತ್ತಿತ್ತು. ದಾರಿಯಲ್ಲಿ ಕುಸಿದ ಆ ಕುರಿಯನ್ನು ಅಪ್ಪ ಎತ್ತಿದಾಗ ಅದರ ಕಾಲು ಹೀಗೇ ಜೋತಾಡಿರಬೇಕು. ಆಸ್ಪತ್ರೆಯ ಬಾಗಿಲ ಹೊರಗೆ ನಿಂತು, ಅವನು ಬದುಕಿದರೆ ಹೇಳಿಬಿಡುತ್ತೇನೆ ಎಂದು ದೇವರಿಗೆ ಹರಕೆ ಕಟ್ಟಿಕೊಂಡೆ.

ಅವನು ಬದುಕಿದ. ಎದೆಗೆ ಏನೂ ಆಗಿಲ್ಲ, ಮೈಯಲ್ಲಿ ನೀರು ಬತ್ತಿ, ಬಿಸಿಲು ಹತ್ತಿ ಹೀಗಾಗಿದೆ ಎಂದರು ಡಾಕ್ಟರು. ಗ್ಲೂಕೋಸ್ ಅರ್ಧ ಇಳಿದಾಗ ಕಣ್ಣು ಬಿಟ್ಟು, "ಎಷ್ಟಾತಕ್ಕಾ?" ಎಂದ. ಅದೇ ಪ್ರಶ್ನೆ. "ಸುಮ್ನೆ ಮಲಿಕ್ಕೋ" ಎಂದೆ. ಹರಕೆ ಅಲ್ಲೇ ಮುರಿಯಿತು.

ಅವನು ಜೋಗಿಮಟ್ಟಿ ಕಡೆಯ ಗಾಳಿ ಯಂತ್ರಗಳಿಗೆ ಕಾವಲು ಕೆಲಸಕ್ಕೆ ಸೇರಿದ. ಊರಿಗೆ ಬಂದಾಗ ಯಾರಾದರೂ ಓಟದ ಮಾತೆತ್ತಿದರೆ, "ಕಾಲು ಚೆನ್ನಾಗೇ ಇತ್ತು. ಇಲ್ಲಿ ಆರು ಹತ್ತು ಓಡಿದೋನು ಅಲ್ಲಿ ಬಿದ್ದೆ ಅಂದ್ರೆ ಏನು? ಎದೆ ಇಲ್ಲ. ಪುಕ್ಕಲ ನಾನು" ಎನ್ನುತ್ತಿದ್ದ. ತಮಾಷೆಗೆ ಹೇಳಿದಂತೆ ಹೇಳುತ್ತಿದ್ದ, ಆದರೆ ಅವನು ಅದನ್ನು ನಂಬಿದ್ದ. ಹೆಣ್ಣು ನೋಡಲು ಕರೆದರೂ ಬರಲಿಲ್ಲ. ನಾಲ್ಕು ಜನರ ಮುಂದೆ ಕುಳಿತರೆ ಕೈ ಬೆವರುತ್ತದೆ ಎಂದ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ, ಎರಡು ವರ್ಷ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವನು ಬಸ್ಸಿಳಿದು ಮನೆಗೆ ಹೋಗದೆ ನೇರ ಏರಿಗೆ ಬಂದ. ಕೈಯಲ್ಲಿ ಸುಣ್ಣದ ಚೀಲ. ಬೇರೆ ಇಲಾಖೆಯೊಂದರಲ್ಲಿ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ವಯಸ್ಸಿನ ಮಿತಿ ಅಲ್ಲಿ ಸ್ವಲ್ಪ ಹೆಚ್ಚು, ಓಟ ಅಷ್ಟೇ ದೂರ ಎಂದ. ಬಗ್ಗಿ ಹಳೆಯ ಜಾಗದಲ್ಲೇ ಗೆರೆ ಎಳೆದ.

"ಡಾಕ್ಟ್ರು ಜೋಪಾನ ಅಂದಿದ್ರಲ್ಲೋ" ಎಂದೆ.

"ಮೈಗೆ ಏನೂ ಆಗಿಲ್ಲಕ್ಕಾ. ಆರು ಹತ್ತು ಓಡಿದ ಕಾಲೇ ಇವು. ಆವತ್ತು ತಲೆ ಹೆದರ್ಕೊಂತು, ಅಷ್ಟೇ. ಈ ಸಲ ಮೊದಲಿಂದ್ಲೇ ಬಿಡ್ತೀನಿ, ಸತ್ರೂ ನಿಧಾನ ಮಾಡಲ್ಲ."

ಸತ್ರೂ ಎಂದ. ಜೋತಾಡುವ ಕೈ ಮತ್ತೆ ಕಂಡಿತು. ಫೋನು ನನ್ನ ಕೈಗೆ ಕೊಟ್ಟು ಗೆರೆಯ ಮೇಲೆ ನಿಂತ. ಕೈ ಎತ್ತಿದ, ಇಳಿಸಿದ, ಹತ್ತು ಹೆಜ್ಜೆ ಓಡಿ ತಿರುಗಿ ನೋಡಿದ.

"ಒತ್ತಿದ್ಯಾ?"

"ಇಲ್ಲ."

"ಯಾಕೆ? ಕುರಿ ಶೇಂಗಾಕ್ಕೆ ಹೋದ್ವಾ?"

ಕುರಿಗಳು ಕೆರೆಯೊಳಗೇ ಇದ್ದವು. ನಾನು ಬನ್ನಿ ಮರಕ್ಕೆ ಒರಗಿ ನಿಂತೆ. ಅವನು ಹತ್ತಿರ ಬಂದ. ಅವನು ಏನು ಮಾಡುತ್ತಾನೋ, ಮತ್ತೆ ಯಾವ ಗೋಡೆಗೆ ಮುಖ ತಿರುಗಿಸುತ್ತಾನೋ, ಇನ್ನು ಮುಂದೆ ಅಕ್ಕಾ ಎಂದು ಕರೆಯುತ್ತಾನೋ ಇಲ್ಲವೋ, ಆ ಭಯ ಎಲ್ಲ ಇತ್ತು. ಆದರೂ ಬಾಯಿ ತೆರೆದೆ.

"ಆವತ್ತು ಆರು ಹತ್ತು ಅಲ್ಲ ಕಣೋ. ಆರು ಐವತ್ತೆರಡು ಬಂದಿತ್ತು. ನಾನು ಸುಳ್ಳು ಹೇಳಿ ಫೋನಿನಾಗಿಂದು ಅಳಿಸ್ದೆ. ನಿನ್ನೆದೆಗೆ ಏನೂ ಆಗಿರ್ಲಿಲ್ಲ, ನೀನು ಪುಕ್ಕಲ ಅಲ್ಲ. ನಾನು ಹೇಳಿದ್ದು ನಂಬಿ ಓಡಿ ಬಿದ್ದೆ ನೀನು. ತಪ್ಪಾತು ತಮ್ಮಾ, ನನ್ನಿಂದ ತಪ್ಪಾತು, ಹೊಟ್ಟೆಗೆ ಹಾಕ್ಕೋ."