ಮಡಿಲಕ್ಕಿ ಹೊತ್ತು ದ್ವೀಪಕ್ಕೆ ಹೋಗುವವರಿಗೆ

ದ್ವೀಪದಿಂದ ವಾಪಸು ಬಂದ ಮೇಲೆ ಮಧುಗಿರಿಯಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿಬಿಟ್ಟಿದೆ. ಸೊಪ್ಪು ಕೊಳ್ಳಲು ನಿಂತರೂ ಯಾರಾದರೂ ಬಂದು, "ಮೇಡಂ, ಅಲ್ಲಿಗೋಗೋದಾದ್ರೆ ಏನೇನ್ ತಗೊಂಡೋಗ್ಬೇಕು?" ಎಂದು ಕೇಳುತ್ತಾರೆ. ಕೇಳುವವರಾರೂ ಹೋಗುವವರಲ್ಲ. ತುಮಕೂರಿಗೆ ಹೋಗಲೂ ಎರಡು ದಿನ ಯೋಚಿಸುವ ಜನ. ಆದರೆ ನಾನು ಕೊರಟಗೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಭೂಗೋಳ ಪಾಠ ಮಾಡುತ್ತಿರುವವಳು. ಕೇಳಿದ್ದಕ್ಕೆ ಹೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಕೇಳದಿದ್ದರೂ ಹೇಳುತ್ತೇನೆ.

ಮೊದಲು ಒಂದು ನಾಚಿಕೆಯ ಸಂಗತಿ ಒಪ್ಪಿಕೊಂಡುಬಿಡುತ್ತೇನೆ. ಸುತ್ತಲೂ ನೀರಿರುವ ಭೂಭಾಗವೇ ದ್ವೀಪ ಎಂದು ಸಾವಿರಾರು ಮಕ್ಕಳಿಗೆ ಉರು ಹೊಡೆಸಿದ ನಾನು ಐವತ್ತೆರಡನೇ ವಯಸ್ಸಿನವರೆಗೂ ಸಮುದ್ರವನ್ನೇ ನೋಡಿರಲಿಲ್ಲ. ನೋಡಿದ್ದು ಕಳೆದ ಬೇಸಿಗೆ ರಜೆಯಲ್ಲಿ, ಅದೂ ತಂಗಿಗಾಗಿ.

ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ನಾನೇ. ಅವಳ ಗಂಡ ಪಾವಗಡದವನು. ಅಲ್ಲಿ ಊರಿನಾಚೆ ಸಾಲುಸಾಲಾಗಿ ಸೋಲಾರ್ ಫಲಕ ಹಾಕಿದಾಗ ಕೆಲಸಕ್ಕೆ ಸೇರಿದವನು, ಕೈಚಳಕ ಕಲಿತು, ಪೆಸಿಫಿಕ್ ಸಾಗರದ ನಟ್ಟನಡುವಿನ ಒಂದು ಚಿಕ್ಕ ದೇಶದಲ್ಲಿ ಸೋಲಾರ್ ಹಾಕಿಸುವ ಕೆಲಸ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ಹೋದ. ದೇಶದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮೂರಿನವರು "ಅದೆಲ್ಲೈತೆ?" ಅನ್ನುತ್ತಾರೆ, ನಾನು ಭೂಪಟ ತರಬೇಕಾಗುತ್ತದೆ, ಭೂಪಟದಲ್ಲಿ ಅದು ನೊಣ ಕೂತು ಹೋದ ಗುರುತಿನಷ್ಟೂ ಇಲ್ಲ.

ತಂಗಿಗೆ ಊರಲ್ಲಿದ್ದಾಗಲೇ ಎರಡು ಬಾರಿ ಗರ್ಭ ನಿಂತು ಇಳಿದುಹೋಗಿತ್ತು. ಏಳು ವರ್ಷದ ಮೇಲೆ ಮತ್ತೆ ನಿಂತು, ಏಳನೇ ತಿಂಗಳಿಗೆ ಬಂದಿತ್ತು. ವಿಮಾನ ಹತ್ತಲೇಬಾರದು ಎಂದರು ಡಾಕ್ಟರು. ಅಂದರೆ ತವರಿಗೆ ಬಂದು ಮಡಿಲು ತುಂಬಿಸಿಕೊಳ್ಳುವ ಹಾಗಿಲ್ಲ. ಬಸುರಿ ಮಗಳ ಸೆರಗಿಗೆ ತವರಿನವರು ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ-ಅಡಿಕೆ ಹಾಕಿ ಹರಸದಿದ್ದರೆ ನಮ್ಮ ಅಮ್ಮನಿಗೆ ಅನ್ನ ಇಳಿಯುವುದಿಲ್ಲ. ಅಮ್ಮನಿಗೋ ಮಂಡಿನೋವು, ಅಂಗಳ ದಾಟುವುದೇ ಒಂದು ಯಾತ್ರೆ. ಹಾಗಾಗಿ ಮಡಿಲಕ್ಕಿ ಹೊತ್ತು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಗೊರವನಹಳ್ಳಿ ಮಹಾಲಕ್ಷ್ಮಿಯ ಮುಂದಿಟ್ಟು ನಾನು ತಂದ ಅಕ್ಕಿಯನ್ನು ಅಮ್ಮ ಕೆಂಪು ರವಿಕೆ ಕಣದಲ್ಲಿ ಸುರಿದಳು. ಅದರ ಮೇಲೆ ಕೊಬ್ಬರಿ ಗಿಟುಕು, ಅಚ್ಚುಬೆಲ್ಲ, ಹಸಿ ಅರಿಸಿನದ ಕೊಂಬು, ಎಲೆ, ಅಡಿಕೆ, ಹಸಿರು ಬಳೆ, ಕುಂಕುಮದ ಪೊಟ್ಟಣ. ಗಂಟು ಕಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅಲ್ಲಿ ಯಾರಾನ ಮುತ್ತೈದೆ ಸಿಕ್ತಾರೆ, ಅವ್ರ ಕೈಲಿ ತುಂಬ್ಸು ಕಣೇ. ನೀನು ಪಕ್ಕದಲ್ ನಿಂತ್ಕಂಡು ಹೆಂಗೆ ಅಂತ ಹೇಳ್ಕೊಡು, ಸಾಕು."

ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಗಂಡ ಇಲ್ಲದವಳ ಕೈಯಿಂದ ಮಡಿಲು ತುಂಬಿಸುವುದಿಲ್ಲ ಎನ್ನುವುದು ನನಗೇನು ಹೊಸದಲ್ಲ. ಆದರೂ ಮೂರು ವಿಮಾನ ಬದಲಿಸಿ ಹೊತ್ತು ಹೋಗಲು ಆಗುವ ಕೈ, ಒಂದು ಬೊಗಸೆ ಅಕ್ಕಿ ಹಾಕಲು ಆಗುವುದಿಲ್ಲವೇ? ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ ಮುಖ ತೊಳೆದು ಬಂದು ಗಂಟನ್ನು ಸೂಟ್‌ಕೇಸಿಗೆ ಹಾಕಿದೆ, ಏಕೆಂದರೆ ತಂಗಿಯ ಮಡಿಲು ಬರಿದಾಗಿರುವುದು ನನಗೂ ಬೇಡವಾಗಿತ್ತು.

ಇನ್ನು ಸಲಹೆಗಳು. ಟಿಕೆಟ್ ಮಾಡಿಸಲು ಏಜೆಂಟನನ್ನು ಕೇಳಬಹುದು, ಆದರೆ ಬೇರೇನನ್ನೂ ಕೇಳಬೇಡಿ. ನಾನು ಶಿರಾದ ಒಬ್ಬನನ್ನು ಕೇಳಿದೆ. "ಫಿಕರ್ ಮಾಡ್ಬೇಡಿ ಮೇಡಂ, ಅಲ್ಲಿ ಎಲ್ಲಾ ಸಿಗ್ತದೆ, ಫಸ್ಟ್ ಕ್ಲಾಸ್ ಜಾಗ" ಎಂದ. "ನೀವು ಹೋಗಿದ್ದೀರಾ?" ಎಂದೆ. "ನಾನಾ? ನನ್ಗೆ ಮೇಲಿಂದ ಕೆಳಗೆ ನೋಡುದ್ರೆ ತಲೆ ಸುತ್ತು ಬರ್ತದೆ ಮೇಡಂ!" ಎಂದು ಎದೆ ಮುಟ್ಟಿಕೊಂಡ. ಬೀಗಿತ್ತಿ, ಅಂದರೆ ತಂಗಿಯ ಅತ್ತೆ, ಪಾವಗಡದಿಂದ ಬಸ್ಸಿನಲ್ಲಿ ಬಂದು ಮಗನಿಗೆಂದು ಎರಡು ಸೇರು ಕಡಲೆಕಾಯಿ ಚಟ್ನಿಪುಡಿ ಕೊಟ್ಟು, "ಇದಿ ಮಾ ಅಬ್ಬಾಯಿಕಿ. ಮರೀಬೇಡಮ್ಮಾ, ಜಾಗ್ರತ್ತ!" ಎಂದರು. ಜಾಗ್ರತೆ ಹೇಳಿದ್ದು ನನಗಲ್ಲ, ಪುಡಿಗೆ.

ಎರಡನೆಯದು, ಕೈಯಲ್ಲಿ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕೊನೆಯ ವಿಮಾನ ವಾರಕ್ಕೆ ಎರಡೇ ಸಲ ಹಾರುತ್ತದೆ, ಅದೂ ಅದಕ್ಕೆ ಮನಸ್ಸು ಬಂದರೆ. ನಮ್ಮ ಕಡೆಯ ಕೊನೇ ಬಸ್ಸಿಗಾದರೂ ಒಂದು ಮಾನ ಮರ್ಯಾದೆ ಇದೆ. ನಾನು ನಡುವಿನ ಒಂದು ಊರಿನಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡೆ. ಜೊತೆಯ ಪ್ರಯಾಣಿಕರೆಲ್ಲ ಈಜಲು ಹೋದರು. ನಾನು ಹೋಟೆಲಿನ ಕೋಣೆಯಲ್ಲಿ ಕೂತು, ಎಲೆ ಬಾಡದಂತೆ ಒದ್ದೆ ಬಟ್ಟೆ ಸುತ್ತಿ, ಗಂಟೆಗೊಮ್ಮೆ ನೀರು ಚಿಮುಕಿಸಿದೆ.

ಮೂರನೆಯದನ್ನು ಗೆರೆ ಹಾಕಿ ಇಟ್ಟುಕೊಳ್ಳಿ. ಇಳಿಯುವ ಮೊದಲು ಒಂದು ಚೀಟಿ ಕೊಡುತ್ತಾರೆ. ಆಹಾರ, ಬೀಜ, ಗಿಡ, ಬೇರು ಏನಾದರೂ ತಂದಿದ್ದೀರಾ ಎಂದು ಅದರಲ್ಲಿ ಕೇಳಿರುತ್ತದೆ. ಪ್ರಶ್ನೆ ಸರಿಯಾಗಿ ಓದದೆ ಉತ್ತರ ಬರೆಯುವ ಮಕ್ಕಳ ಕಿವಿ ಹಿಂಡಿದ ನಾನು ಎರಡೆರಡು ಸಲ ಓದಿದೆ. ಚಟ್ನಿಪುಡಿ ಎಂದು ನಿಷ್ಠೆಯಿಂದ ಬರೆದೆ. ಮಡಿಲಕ್ಕಿ ಬರೆಯಲಿಲ್ಲ. ಮುಚ್ಚಿಟ್ಟೆ ಎಂದಲ್ಲ, ಆಣೆಗೂ ನನಗೆ ಹೊಳೆಯಲೇ ಇಲ್ಲ. ಮಡಿಲಕ್ಕಿಯನ್ನು ನಮ್ಮ ಕಡೆ ಯಾವ ಹೆಂಗಸು ದಿನಸಿ ಎಂದು ಎಣಿಸುತ್ತಾಳೆ? ಅದು ಮಡಿಲಕ್ಕಿ, ಅಷ್ಟೆ.

ತಪಾಸಣೆಯ ಮೇಜಿನ ಹಿಂದೆ ಎತ್ತರದ ಹೆಂಗಸೊಬ್ಬಳು ನಿಂತಿದ್ದಳು. ಸಮವಸ್ತ್ರ, ಕಿವಿಯ ಮೇಲೆ ಬಿಳಿ ಹೂ. ಚಟ್ನಿಪುಡಿ ಮೂಸಿ, ಸೀನಿ, ಹೋಗಲಿ ಎಂದು ಬಿಟ್ಟಳು. ಆಮೇಲೆ ಕೆಂಪು ಗಂಟು ಬಿಚ್ಚಿದಳು. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ.

"ಇದೇನು?"

"ಆಹಾರ ಅಲ್ಲ."

"ಇದು ಅಕ್ಕಿ."

"ಹೌದು."

"ಅಕ್ಕಿ ಆಹಾರ."

"ಈ ಅಕ್ಕಿ ಅಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅರಿಸಿನದ ಕೊಂಬು ಎತ್ತಿ ಹಿಡಿದು, "ಇದನ್ನು ನೆಟ್ಟರೆ ಮೊಳೆಯುತ್ತದೆಯೇ?" ಎಂದಳು. ರೈತನ ಮಗಳು ನಾನು, ಕೊಂಬಿನ ವಿಷಯದಲ್ಲಿ ಸುಳ್ಳು ಬರಲಿಲ್ಲ. "ಬಹಳ ಚೆನ್ನಾಗಿ ಮೊಳೆಯುತ್ತದೆ" ಎಂದುಬಿಟ್ಟೆ. ಅಲ್ಲಿಗೆ ಕಥೆ ಮುಗಿಯಿತು. ಎಲೆ, ಅಡಿಕೆ, ಕೊಬ್ಬರಿ, ಬೆಲ್ಲ, ಅಕ್ಕಿ, ಒಂದೊಂದಾಗಿ ತಟ್ಟೆಗೆ ಹೋದವು.

ನಾನು ಜಗಳಕ್ಕೆ ನಿಂತೆ. ಮಕ್ಕಳ ಮುಂದೆ ಎತ್ತುವ ದನಿಯನ್ನೇ ಎತ್ತಿದೆ. ಅರ್ಧಕ್ಕೆ ದನಿ ಕೈಕೊಟ್ಟಿತು, ಅಳು ಬಂತು. ತಂಗಿ, ಏಳನೇ ತಿಂಗಳು, ಹಿಂದೆ ಎರಡು ಸಲ ಹೋದದ್ದು, ಅಮ್ಮನ ಮಂಡಿ, ಎಲ್ಲವನ್ನೂ ಒದರಿಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹೊರಗಿನ ಒಂದು ಹುಳು ಬಂದರೆ ನಮ್ಮ ತೆಂಗಿನ ಮರಗಳು ಹೋಗುತ್ತವೆ. ಅವು ಬಿಟ್ಟರೆ ಇಲ್ಲಿ ನಮಗೆ ಏನಿದೆ?" ಎಂದಳು. ಭೂಗೋಳದ ಮೇಡಂ ಕಣ್ಣೊರೆಸಿಕೊಂಡು ತಟ್ಟೆಯಿಂದ ಹಿಂದೆ ಸರಿದಳು. ದಂಡ ಹಾಕಲಿಲ್ಲ, ಪುಣ್ಯಾತ್ಗಿತ್ತಿ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದಳು. ನನ್ನ ಕೈಗೆ ಉಳಿದದ್ದು ಬರಿ ಕಣ, ಬಳೆ, ಕುಂಕುಮ.

ದೇಶ ಹೇಗಿದೆ ಎಂದರೆ, ಇರುವುದೇ ಒಂದು ರಸ್ತೆ. ಎಡಕ್ಕೆ ಸಮುದ್ರ, ಬಲಕ್ಕೂ ಸಮುದ್ರ. ದಾರಿ ತಪ್ಪುವ ಭಯವೇ ಇಲ್ಲ, ತಪ್ಪಿದರೆ ಒದ್ದೆಯಾಗುತ್ತೀರಿ. ಬೆಟ್ಟ ಇಲ್ಲ, ಗುಡ್ಡ ಇಲ್ಲ. ಮಧುಗಿರಿಯ ಬಂಡೆಯ ಕೆಳಗೆ ಹುಟ್ಟಿದ ಕಣ್ಣಿಗೆ ಒರಗಿಕೊಳ್ಳಲು ಏನೂ ಸಿಗದೆ ಎರಡು ದಿನ ತಲೆನೋವು ಬಂತು. ಮಳೆನೀರು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಾರೆ, ಲೋಟದಲ್ಲಿ ಮಿಕ್ಕಿಸಿ ಚೆಲ್ಲಬೇಡಿ. ಬರ ಕಂಡ ಪಾವಗಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಯಾರ ಮನೆಗೆ ಹೋದರೂ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಾಲು ಚಾಚಿದರೆ ಅವಮಾನ. ಈ ಒಂದು ಪರೀಕ್ಷೆಯಲ್ಲಿ ನಾನು ಪಾಸಾದೆ.

ಇನ್ನೊಂದರಲ್ಲಿ ಡುಮ್ಕಿ. ಬಂದ ದಿನವೇ ಅಮ್ಮನ ಫೋನು: "ತುಂಬ್ಸಿದ್ಯಾ?" ಎಲ್ಲ ಕಿತ್ತುಕೊಂಡರು ಎನ್ನಲು ಬಾಯಿ ಬರಲಿಲ್ಲ. "ಒಳ್ಳೇ ದಿನ ನೋಡ್ತಿದೀನಿ ಕಣಮ್ಮ" ಎಂದೆ. "ಶುಕ್ರವಾರಕ್ಕಿಂತ ಒಳ್ಳೇ ದಿನ ಬೇಕಾ? ಶುಕ್ರವಾರ ಮಾಡು, ನಾನೂ ವಿಡಿಯೋದಲ್ ನೋಡ್ತೀನಿ" ಎಂದು ಆಜ್ಞೆಯಾಯಿತು. ಅಕ್ಕಿ, ಸಕ್ಕರೆ ಅಂಗಡಿಯಲ್ಲಿ ಸಿಕ್ಕವು. ತೆಂಗಿನಕಾಯಿ ಸಿಗಲಿಲ್ಲ. ಎಲ್ಲರ ಮನೆಯಲ್ಲೂ ಇರುವುದನ್ನು ಅಂಗಡಿಯಲ್ಲಿ ಯಾರು ಮಾರುತ್ತಾರೆ? ಗುರುವಾರ ಬೆಳಗ್ಗೆ ದಾರಿಯ ಪಕ್ಕ ಒಂದು ಕಾಯಿ ಬಿದ್ದಿತ್ತು. ಎತ್ತಿ ಸೆರಗಿನಲ್ಲಿ ಇಟ್ಟುಕೊಂಡೆ. ಎರಡು ಹೆಜ್ಜೆ ಇಟ್ಟಿಲ್ಲ, ಅಜ್ಜನೊಬ್ಬ ಕೂಗಿಕೊಂಡು ಬಂದ, ಅವನ ಹಿಂದೆ ಮೂರು ನಾಯಿ. ಅಲ್ಲಿ ಪ್ರತಿ ಮರಕ್ಕೂ ಒಡೆಯರಿದ್ದಾರೆ, ಬಿದ್ದ ಕಾಯಿಯೂ ಅವರದೇ. ಇದು ನನ್ನ ನಾಲ್ಕನೆಯ ಸಲಹೆ. ಕಾಯಿ ವಾಪಸು ಕೊಟ್ಟು, ಕೈಮುಗಿದು ಬಂದೆ.

"ಲೇ ಅಕ್ಕ, ಕಾಯಿ ಕದ್ಯಾ?" ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗ್ಬೇಡ ಬುಡೇ, ಹೊಟ್ಟೆ ಅಲುಗಾಡ್ತೈತೆ" ಎಂದು ಗದರಿಸಿದೆ. ತಂಗಿಯ ಗಂಡ ಮಾತ್ರ, "ಇಷ್ಟೊತ್ತಿಗೆ ಇದು ದೇಶಕ್ಕೆಲ್ಲ ಗೊತ್ತಾಗೈತೆ ಅತ್ತಿಗೆ" ಎಂದು ತಲೆ ತಗ್ಗಿಸಿ ಕೆಲಸಕ್ಕೆ ಹೋದ.

ಗೊತ್ತಾಗಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಬಾಗಿಲು ಬಡಿದ ಸದ್ದು. ನೋಡಿದರೆ ಅದೇ ತಪಾಸಣೆಯ ಹೆಂಗಸು, ಹೂ ಹಾಗೇ ಇದೆ, ಸಮವಸ್ತ್ರ ಇಲ್ಲ. ಕೈಯಲ್ಲಿ ಸುಲಿದ ತೆಂಗಿನಕಾಯಿ. "ನಿಮ್ಮಿಂದ ಒಂದು ತೆಗೆದುಕೊಂಡೆ. ಇದು ನಮ್ಮ ಮನೆಯ ಮರದ್ದು. ಇನ್ನು ಕದಿಯಬೇಡಿ" ಎಂದಳು.

ನನಗೆ ಒಮ್ಮೆಲೇ ನೆನಪಾಯಿತು: ಮುತ್ತೈದೆ! "ನಿಮಗೆ ಗಂಡ ಇದ್ದಾರಾ?" ಎಂದು ಕೇಳಿಬಿಟ್ಟೆ. "ಇದ್ದಾನೆ, ಮೀನು ಹಿಡಿಯಲು ಹೋಗಿದ್ದಾನೆ. ಯಾಕೆ, ನಿಮಗೆ ಬೇಕಿತ್ತಾ?" ಎಂದಳು. ತಂಗಿ ಗೋಡೆ ಹಿಡಿದುಕೊಂಡು ನಕ್ಕಳು.

ಮಧುಗಿರಿಯಲ್ಲಿ ಆಗ ಬೆಳಗಿನ ಒಂಬತ್ತೂವರೆ. ಫೋನನ್ನು ಡಬ್ಬಿಗೆ ಒರಗಿಸಿ ಅಮ್ಮನನ್ನು ಕರೆದೆವು. ಎಲ್ಲ ಮೊದಲಿನಿಂದ ಹೇಳಿದೆ, ಅಕ್ಕಿ ಹೋದದ್ದನ್ನೂ. ಅಮ್ಮ ಆ ಹೆಂಗಸನ್ನು ಕಣ್ಣು ಕಿರಿದು ಮಾಡಿ ನೋಡಿ, "ಲಕ್ಷಣವಾಗವ್ಳೆ ಬುಡು. ಅವ್ಳೇ ತುಂಬ್ಲಿ" ಎಂದಳು. ತಂಗಿ ಸೀರೆ ಉಟ್ಟು ಚಾಪೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂತಳು. ನಾನು ಅಕ್ಕಿಯ ತಟ್ಟೆಯನ್ನು ಆ ಹೆಂಗಸಿನ ಕೈಗೆ ಕೊಟ್ಟು, ಹೇಗೆ ಎಂದು ಹೇಳಿಕೊಟ್ಟು, ಗೋಡೆಯ ಪಕ್ಕಕ್ಕೆ ಸರಿದು ನಿಂತೆ. ಅಷ್ಟರಲ್ಲಿ ಅಮ್ಮನ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿತ್ತು.

ತಂಗಿ ಚಾಚಿದ್ದ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು. "ಅಕ್ಕ, ನೀನ್ ಬಾ."

"ಸುಮ್ಕಿರೇ. ಅಮ್ಮ ಹೇಳವ್ಳೆ."

"ಏಳು ವರ್ಷ ಶುಕ್ರವಾರ ಶುಕ್ರವಾರ ಗೊರವನಹಳ್ಳಿಗೆ ಹೋಗಿ ನನಗೋಸ್ಕರ ನಿಂತೋಳು ಯಾರು? ಎರಡು ಸಲ ಆಸ್ಪತ್ರೇಲಿ ನನ್ ಕೈ ಹಿಡ್ಕಂಡೋಳು ಯಾರು? ನೀನ್ ಹಾಕಿದ್ರೆ ಹಾಕುಸ್ಕಂತೀನಿ, ಇಲ್ಲಾಂದ್ರೆ ಬ್ಯಾಡ."

ನನಗೆ ಭಯವಾಯಿತು. ಓದಿದವಳು, ಮಕ್ಕಳಿಗೆ ವಿಜ್ಞಾನವನ್ನೂ ಹೇಳಿದವಳು. ಆದರೂ ಆ ಹೊಟ್ಟೆಯ ಮುಂದೆ ಭಯವಾಯಿತು. ಏನಾದರೂ ಆದರೆ ನನ್ನ ಕೈಯಿಂದಲೇ ಆಯಿತು ಅನ್ನುತ್ತಾರೆ, ಎಲ್ಲರಿಗಿಂತ ಮೊದಲು ನಾನೇ ಅಂದುಕೊಳ್ಳುತ್ತೇನೆ. ತಪಾಸಣೆಯ ಹೆಂಗಸು ನಮ್ಮಿಬ್ಬರನ್ನೂ ನೋಡಿದಳು. ಭಾಷೆ ತಿಳಿಯದಿದ್ದರೂ ಏನೋ ತಿಳಿಯಿತು. ತಟ್ಟೆಯನ್ನು ತಂದು ನನ್ನ ಕೈಯಲ್ಲಿಟ್ಟು ಪಕ್ಕಕ್ಕೆ ನಿಂತಳು.

ಕೂತೆ. ತಂಗಿಗೆ ಕುಂಕುಮ ಇಟ್ಟೆ. ಸೆರಗಿಗೆ ತೆಂಗಿನಕಾಯಿ ಇಟ್ಟೆ. ಅಕ್ಕಿ ಹಾಕಬೇಕಾದದ್ದು ಐದು ಬೊಗಸೆ. ಒಂದು ಹಾಕಿದೆ, ಎರಡು ಹಾಕಿದೆ. ಮೂರನೆಯದರಲ್ಲಿ ಅರ್ಧ ಅಕ್ಕಿ ಚಾಪೆಯ ಮೇಲೆ ಬಿತ್ತು. ಆಗ ಫೋನು ಕಟಕಟ ಎಂದಿತು. ಅಮ್ಮನ ಮುಖ ಅಲ್ಲಾಡಿತು. ನನ್ನ ಬೊಗಸೆ ಸೆರಗಿನ ಮೇಲೆ ಹಾಗೇ ನಿಂತಿತ್ತು.

ಅಮ್ಮ ನೋಡಿದಳು. ನೆಟ್‌ವರ್ಕ್ ಮತ್ತೆ ಹೋಯಿತು ಅಂದುಕೊಂಡೆ, ಆದರೆ ಹಿಂದೆ ನಮ್ಮನೆಯ ಫ್ಯಾನು ತಿರುಗುತ್ತಿತ್ತು.

"ಎಷ್ಟ್ ಹಾಕ್ದೆ?" ಎಂದಳು.

"ಮೂರು."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಫೋನನ್ನು ಮುಖದ ಹತ್ತಿರಕ್ಕೆ ತಂದಳು.

"ಇನ್ನೂ ಎರಡೈತಲ್ಲೇ, ಹಾಕು. ನಾನ್ ನೋಡ್ತೀನಿ."